ಮುಂದಿನ ವರ್ಷದ ಸರಪಳಿ

ಭತ್ತದ ಒಕ್ಕಣೆ ಮುಗಿದು ಕಣಗಳು ಬರಿದಾದ ಮೇಲೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬಿನ ಕಟಾವು ಇನ್ನೂ ನಡೆಯುತ್ತಿರುವಾಗಲೇ, ಮಂಡ್ಯ, ಮದ್ದೂರು, ಮಳವಳ್ಳಿಗಳ ಹೋಟೆಲುಗಳಲ್ಲಿಯೂ ಅರಳಿಕಟ್ಟೆಗಳಲ್ಲಿಯೂ ಪ್ರತಿವರ್ಷ ತಪ್ಪದೆ ಒಂದು ಚರ್ಚೆ ಏಳುತ್ತದೆ. ಬಂಗಾಳಕ್ಕೆ ಕಾಲ್ಚೆಂಡು ಹೇಗೋ ಹಾಗೆ ಈ ಸೀಮೆಗೆ ಕಬಡ್ಡಿ; ಆದುದರಿಂದ ಚರ್ಚೆಯ ವಿಷಯವೇನೆಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂತರಕಾಲೇಜು ಪಂದ್ಯಾವಳಿ ಮುಗಿದಿರುತ್ತದೆ. ನಮ್ಮ ತಂಡ ಸೋತಿರುತ್ತದೆ. ಸೋತದ್ದು ಹೇಗೆಂಬ ವಿಚಾರ ಎರಡು ದಿನಗಳಲ್ಲಿ ಬತ್ತಿಹೋಗಿ, ಮುಂದಿನ ವರ್ಷ ಏನಾದೀತೆಂಬ ವಿಚಾರ ಅದರ ಜಾಗದಲ್ಲಿ ಚಿಗುರಿಕೊಂಡು, ಮುಂಗಾರಿನವರೆಗೂ ಬಾಡದೆ ಇರುತ್ತದೆ.

ನಮ್ಮ ತಂಡವೆಂದೆ. ಅದು ನಮ್ಮ ಜಿಲ್ಲೆಯ ಒಂದು ಪದವಿ ಕಾಲೇಜಿನ ತಂಡ. ಅದರ ಹೆಸರನ್ನು ಹೇಳುವುದು ಅನವಶ್ಯಕ. ಏಕೆಂದರೆ ನಾನು ಹೇಳತಕ್ಕ ಮಾತು ಇಲ್ಲಿನ ಇನ್ನೂ ನಾಲ್ಕಾರು ಕಾಲೇಜುಗಳಿಗೆ ಅಷ್ಟೇ ಸಲ್ಲುತ್ತದೆ. ಮೂರು ವರ್ಷಗಳಿಂದ ಅದು ಎರಡನೆಯ ಸುತ್ತನ್ನು ದಾಟಿಲ್ಲ. ಒಂದು ಕಾಲದಲ್ಲಿ ಅದರ ಹುಡುಗರು ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗಿ, ದಕ್ಷಿಣ ವಲಯದ ಪಂದ್ಯಗಳಿಗೆ ಹೋಗಿ ಬಂದು, ಊರಿನಲ್ಲಿ ಹಾರ ಹಾಕಿಸಿಕೊಂಡದ್ದನ್ನು ಕಂಡವರು ಈಗಲೂ ಇದ್ದಾರೆ. ಅಂಥವರ ನೋವು ದೊಡ್ಡದು. ಆ ನೋವನ್ನು ಹಗುರವಾಗಿ ಕಾಣುವವನು ನಾನಲ್ಲ. ತಮ್ಮ ಊರಿನ ಏಳು ಮಂದಿ ಹುಡುಗರು ಮಣ್ಣಿನ ಮೇಲೆ ಕೈ ಕೈ ಹಿಡಿದು ನಿಂತಾಗ, ನೋಡುವವನ ಉಸಿರು ಅವರ ಉಸಿರಿನೊಡನೆ ಕೂಡಿ ಹೋಗುವುದು ಒಂದು ಸಹಜವಾದ, ಆರೋಗ್ಯವಾದ ಮನೋಧರ್ಮ. ಅದಿಲ್ಲದ ಊರಿಗೆ ಆಟವೂ ಇರುವುದಿಲ್ಲ, ಹೆಚ್ಚೇನು, ಊರೆಂಬ ಭಾವವೂ ಇರುವುದಿಲ್ಲ.

ಈ ವರ್ಷದ ಚರ್ಚೆಯನ್ನು ನಾನು ಕೇಳಿದ್ದು ಮದ್ದೂರಿನ ಬಸ್ ನಿಲ್ದಾಣದ ಸಮೀಪದ ಒಂದು ಸಣ್ಣ ಹೋಟೆಲಿನಲ್ಲಿ. ಬಾಣಲೆಯಿಂದ ಆಗ ತಾನೆ ತೆಗೆದ ವಡೆಗಳು ತಟ್ಟೆಯಲ್ಲಿ ಬಿಸಿಯಾಗಿದ್ದವು. ಅವನ್ನು ಮುರಿಯಲು ಯಾರಿಗೂ ವ್ಯವಧಾನವಿರಲಿಲ್ಲ. "ಒಬ್ಬ ಗಟ್ಟಿ ರೈಡರ್ ಸಿಕ್ಬುಟ್ರೆ ಸಾಕು ಕಣಣ್ಣ, ಮುಂದಿನ್ ವರ್ಸ ಕಪ್ಪು ನಮ್ದೆಯ" ಎಂದು ಒಬ್ಬ ತರುಣ ಆರಂಭಿಸಿದ. "ರೈಡರ್ ತಂದು ಏನ್ ಮಾಡೀಯೆ? ಹೇಳ್ಕೊಡೋನು ಸರಿ ಇರ್ಬೇಕಲ್ವ" ಎಂದು ಪಕ್ಕದ ಮೇಜಿನವರು ದೈಹಿಕ ಶಿಕ್ಷಣದ ಅಧ್ಯಾಪಕರ ಕಡೆಗೆ ಮಾತನ್ನು ತಿರುಗಿಸಿದರು. "ನಮ್ ಮಳವಳ್ಳಿ ಕಡೆ ಹುಡುಗ್ರನ್ನ ಬೆಂಚಲ್ಲಿ ಕೂರ್ಸುದ್ರೆ ಇನ್ನೇನಾದದು" ಎಂದು ಮೂರನೆಯವರು ತಾಲ್ಲೂಕಿನ ಮಾತನ್ನು ತೆಗೆದರು. ಒಳ್ಳೆಯ ಹುಡುಗರೆಲ್ಲ ಪಿಯುಸಿ ಮುಗಿಯುತ್ತಲೇ ಮೂಡುಬಿದಿರೆಯ ಆಳ್ವಾಸ್ ಕಾಲೇಜಿಗೆ ಹೋಗಿಬಿಡುತ್ತಾರೆ, ಇಲ್ಲಿ ಉಳಿದವರಿಂದ ಏನಾದೀತು ಎಂದು ನಾಲ್ಕನೆಯವರು ನಿಟ್ಟುಸಿರಿಟ್ಟರು. ಇಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ, ಒಂದು ಕಾಲದಲ್ಲಿ ಅದೇ ಕಾಲೇಜಿಗೆ ಹಿಡಿಯುವವರ ಸಾಲಿನ ತುದಿಯ ಕಾರ್ನರ್ ಜಾಗದಲ್ಲಿ ಆಡಿದ್ದ, ಈಗ ಗದ್ದೆ ಕಬ್ಬು ನೋಡಿಕೊಂಡಿರುವ ಹಿರಿಯರೊಬ್ಬರು, ಲೋಟವನ್ನು ಕೆಳಗಿಟ್ಟು, "ಆ ಹುಡ್ಗ ಹಿಡ್ದಿದ್ದು ಸರಿಯಾಗೇ ಇತ್ತು ಕಣಪ್ಪ. ಪಕ್ಕದಲ್ಲಿ ಕೈ ಬುಟ್ಟೋನು ಯಾರು ಅಂತ ನೋಡಿದ್ರಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನಾನು ಈ ಲೇಖನವನ್ನು ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ.

ಅವರು ಹೇಳಿದ ಸಂದರ್ಭವನ್ನು ನಾನೂ ಕಣ್ಣಾರೆ ಕಂಡಿದ್ದೆ. ಎರಡನೆಯ ಸುತ್ತಿನ ಪಂದ್ಯ. ಐದು ನಿಮಿಷ ಉಳಿದಿತ್ತು. ನಮ್ಮವರು ಎರಡು ಅಂಕ ಮುಂದಿದ್ದರು. ಅಂಕಣದಲ್ಲಿ ನಮ್ಮ ಕಡೆ ನಾಲ್ವರೇ ಇದ್ದರು. ಎದುರಾಳಿಯ ರೈಡರ್ ಬಂದ, ನಡುಗೆರೆಯ ಹತ್ತಿರವೇ ಸ್ವಲ್ಪ ಹೊತ್ತು ತೂಗಾಡಿದ, ಆಮೇಲೆ ಒಂದು ಕಾಲನ್ನು ಮುಂದಕ್ಕೆ ಚಾಚಿದ. ಎಡ ಕಾರ್ನರಿನ ನಮ್ಮ ಹುಡುಗ ಆ ಕಣಕಾಲಿಗೆ ಹಾರಿಬಿದ್ದ. ಹಿಡಿತ ಸೊಗಸಾಗಿತ್ತು, ಎರಡು ಕೈಗಳೂ ಕೂಡಿದ್ದವು, ತಲೆ ರೈಡರನ ಮಂಡಿಯ ಹೊರಗಿತ್ತು. ಆದರೆ ಅವನು ಹಾರುವ ಕ್ಷಣದಲ್ಲಿ ಅವನ ಕೈಯನ್ನು ಹಿಡಿದಿದ್ದ ಕವರಿನ ಹುಡುಗನಿಗೆ ಅದರ ಸುಳಿವೇ ಇರಲಿಲ್ಲ. ಕೈ ಬಿಟ್ಟುಹೋದ ಮೇಲೆ ಆತನಿಗೆ ತಿಳಿಯಿತು. ತಿಳಿದ ಮೇಲೆ ಬಂದ. ಬರುವಷ್ಟರಲ್ಲಿ ರೈಡರ್ ತನ್ನ ದೇಹದ ಭಾರವನ್ನೆಲ್ಲ ನಡುಗೆರೆಯ ಕಡೆಗೆ ಹೊರಳಿಸಿದ್ದ. ಉಳಿದಿಬ್ಬರು ಗಾಬರಿಯಿಂದ ಒಬ್ಬೊಬ್ಬರಾಗಿ ಮೇಲೆ ಬಿದ್ದರು. ನಾಲ್ವರನ್ನೂ ಮೈಮೇಲೆ ಹೊತ್ತುಕೊಂಡು ಆತ ಬೆರಳ ತುದಿಯಿಂದ ಗೆರೆ ಮುಟ್ಟಿದ. ನಾಲ್ಕು ಅಂಕ ಅವನದು, ಎಲ್ಲರೂ ಔಟಾದುದಕ್ಕೆ ಲೋನಾದ ಎರಡು ಅಂಕ ಅವನ ತಂಡದ್ದು. ಎರಡು ಮುಂದಿದ್ದವರು ಒಂದೇ ಉಸಿರಿನಲ್ಲಿ ನಾಲ್ಕು ಹಿಂದಾದರು. ಪಂದ್ಯ ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಎಲ್ಲರ ಬಾಯಲ್ಲಿ ಆ ಕಾರ್ನರ್ ಹುಡುಗನ ಹೆಸರೇ. ಹಿಡಿಯಬಾರದಿತ್ತು, ದುಡುಕಿದ, ಅವನನ್ನು ಮುಂದಿನ ವರ್ಷ ತೆಗೆಯಬೇಕು ಎಂಬ ತೀರ್ಪೇ.

ಈ ತೀರ್ಪು ಅನ್ಯಾಯದ್ದು. ಅಷ್ಟೇ ಅಲ್ಲ, ಇದರ ಹಿಂದಿರುವ ವಿಚಾರಕ್ರಮವೇ ದೋಷಯುಕ್ತವಾದದ್ದು. ನಾವು ತಂಡದ ಭವಿಷ್ಯವನ್ನು ಕೇಳುವಾಗ ವ್ಯಕ್ತಿಗಳನ್ನು ಎಣಿಸುತ್ತೇವೆ: ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಯಾರನ್ನು ತರಬೇಕು, ಯಾರನ್ನು ಬಿಡಬೇಕು. ಆದರೆ ಕಬಡ್ಡಿಯಲ್ಲಿ ಸೋಲು ಗೆಲುವುಗಳ ಹೆಚ್ಚಿನ ಪಾಲು ಇಬ್ಬರು ವ್ಯಕ್ತಿಗಳ ನಡುವಿನ ಜಾಗದಲ್ಲಿ, ಅಂದರೆ ಒಬ್ಬನ ಅಂಗೈ ಇನ್ನೊಬ್ಬನ ಅಂಗೈಯನ್ನು ಕೂಡುವ ಆ ಎರಡು ಅಂಗುಲದ ಜಾಗದಲ್ಲಿ, ನಿರ್ಧಾರವಾಗುತ್ತದೆ. ಆ ಜಾಗಕ್ಕೆ ಹೆಸರಿಲ್ಲ, ಅಂಕಪಟ್ಟಿಯಲ್ಲಿ ಅದರ ಲೆಕ್ಕವಿಲ್ಲ. ಆದುದರಿಂದ ಚರ್ಚೆಯಲ್ಲಿಯೂ ಅದಕ್ಕೆ ಸ್ಥಾನವಿಲ್ಲ.

ಆಟದ ಸ್ವರೂಪವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಕಣ. ಅದರಲ್ಲಿ ಅರ್ಧ ಮಾತ್ರ ಒಂದು ತಂಡದ್ದು. ಎದುರಾಳಿ ಒಬ್ಬ ಬರುತ್ತಾನೆ. ಅವನಿಗೆ ಇರುವುದು ಮೂವತ್ತು ಸೆಕೆಂಡು. ಅವನು ಒಂಟಿ. ತನ್ನ ಕಾಲು ತನ್ನ ಬುದ್ಧಿಯ ಮಾತನ್ನು ಕೇಳಿದರೆ ಅವನಿಗೆ ಸಾಕು. ಅವನನ್ನು ಎದುರಿಸುವ ಏಳು ಮಂದಿಯಾದರೋ ಹದಿನಾಲ್ಕು ಕಾಲುಗಳನ್ನು ಒಂದೇ ಬುದ್ಧಿಯಿಂದ ನಡೆಸಬೇಕು. ಅದಕ್ಕಾಗಿಯೇ ಸರಪಳಿ. ಕಾರ್ನರು ಪಕ್ಕದವನ ಕೈ ಹಿಡಿದಿರುತ್ತಾನೆ. ಆ ಕೈ ಹಗ್ಗವಲ್ಲ, ಅದು ಮಾತು. ಬೆರಳು ಬಿಗಿಯಾದರೆ 'ತಡೆ' ಎಂದರ್ಥ. ಮಣಿಕಟ್ಟು ಸಡಿಲವಾದರೆ 'ನಾನು ಹೊರಟೆ' ಎಂದರ್ಥ. ಅಂಗೈ ಹಿಂದಕ್ಕೆ ಎಳೆದರೆ 'ಆಳಕ್ಕೆ ಬಿಡು, ಒಳಗೆ ಬರಲಿ' ಎಂದರ್ಥ. ಈ ಭಾಷೆಯನ್ನು ಯಾವ ಪುಸ್ತಕವೂ ಕಲಿಸಲಾರದು. ಎಷ್ಟು ದೊಡ್ಡ ತರಬೇತುದಾರನಾದರೂ ಒಂದು ವಾರದಲ್ಲಿ ಕಲಿಸಲಾರ. ಇಬ್ಬರು ಹುಡುಗರು ನೂರಾರು ಸಂಜೆ ಒಟ್ಟಿಗೆ ಬಿದ್ದು, ಒಟ್ಟಿಗೆ ಎದ್ದು, ಒಬ್ಬನ ತಪ್ಪಿನಿಂದ ಇನ್ನೊಬ್ಬನ ಮಂಡಿ ತರಚಿ, ಬೈದುಕೊಂಡು, ಮತ್ತೆ ಕೂಡಿಕೊಂಡು, ಒಂದೇ ಹೋಟೆಲಿನಲ್ಲಿ ಒಂದೇ ಲೋಟದ ಚಹಾವನ್ನು ಹಂಚಿಕೊಂಡ ಮೇಲೆ, ಅವರಿಗೇ ಗೊತ್ತಾಗದಂತೆ ಅದು ಅವರ ಕೈಗಳಲ್ಲಿ ಹುಟ್ಟಿರುತ್ತದೆ.

ರೈಡರನ ಮಹತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಅಂಕ ತರತಕ್ಕವನು ಅವನೇ. ಜನ ಕೂಗುವುದು ಅವನ ಹೆಸರನ್ನೇ. ಆದರೆ ರೈಡರನನ್ನು ತರಬಹುದು, ಸರಪಳಿಯನ್ನು ತರಲಾಗದು. ಈ ಮಾತಿಗೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನ ನಡೆದುಹೋಯಿತು. ಮಂಡ್ಯ ಸೀಮೆಯವರು ತಮ್ಮದೆಂದು ತಿಳಿದಿರುವ ಬೆಂಗಳೂರು ಬುಲ್ಸ್ ತಂಡವು, 2019ರ ಜನವರಿ 5ರಂದು ಪ್ರೊ ಕಬಡ್ಡಿ ಲೀಗಿನ 6ನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ, ಈ ಮೂರು ತಾಲ್ಲೂಕುಗಳಲ್ಲಿ ಪಟಾಕಿಯ ಸದ್ದು ಕೇಳದ ಹಳ್ಳಿ ಕಡಿಮೆ. ಅದೇ ತಂಡ 2024ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಡೆದ 11ನೆಯ ಆವೃತ್ತಿಗೆ, ಲೀಗಿನ ಇತಿಹಾಸದಲ್ಲಿಯೇ ಅತ್ಯಧಿಕ ರೈಡ್ ಅಂಕಗಳ ಒಡೆಯನಾದ, ಆ ಹೊತ್ತಿಗೆ 1,600ಕ್ಕೂ ಮೇಲ್ಪಟ್ಟು ಅಂಕ ಗಳಿಸಿದ್ದ ಪ್ರದೀಪ್ ನರ್ವಾಲ್‌ರನ್ನು 70 ಲಕ್ಷ ರೂಪಾಯಿಗೆ ಕೊಂಡು, ನಾಯಕತ್ವವನ್ನೂ ಕೊಟ್ಟು, ಕಣಕ್ಕೆ ಇಳಿಯಿತು. ಅಂದಿನ ಹೋಟೆಲಿನ ಮಾತುಗಳು ನನಗೆ ನೆನಪಿವೆ. ಕಪ್ಪು ಬಂದೇಬಿಟ್ಟಿತೆಂಬ ಧೈರ್ಯವಿತ್ತು. ತಂಡ ಆಡಿದ್ದು 22 ಪಂದ್ಯ, ಗೆದ್ದದ್ದು 2. ಹನ್ನೆರಡು ತಂಡಗಳಲ್ಲಿ ಅದರ ಸ್ಥಾನ ಹನ್ನೆರಡನೆಯದು. ಆ ಮಹಾನ್ ರೈಡರನಿಗೆ ವಯಸ್ಸಾಗಿತ್ತೆಂದು ಹೇಳಿದವರಿದ್ದಾರೆ. ಅದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ಆದರೆ ಅವರು ಹೊರಗೆ ಕುಳಿತಿದ್ದಾಗ ಅವರನ್ನು ಮತ್ತೆ ಒಳಗೆ ಕರೆದುಕೊಳ್ಳಬೇಕಾದವರು ಯಾರು? ಕಬಡ್ಡಿಯಲ್ಲಿ ಔಟಾದ ರೈಡರನನ್ನು ಬದುಕಿಸುವುದು ತನ್ನ ತಂಡ ಗಳಿಸುವ ಅಂಕ. ಎದುರಾಳಿಯ ರೈಡರನ್ನು ಹಿಡಿಯುವ ಕೈಗಳಿಲ್ಲದ ತಂಡದಲ್ಲಿ ಎಂಥ ರೈಡರನಾದರೂ ಪಂದ್ಯದ ಬಹುಭಾಗವನ್ನು ಬೆಂಚಿನ ಮೇಲೆ ಕಳೆಯಬೇಕಾಗುತ್ತದೆ. ಈ ಸರಳವಾದ ಸಂಗತಿಯನ್ನು ಆಟ ಬಲ್ಲವರು ಸಹ ಚರ್ಚೆಯ ಭರದಲ್ಲಿ ಮರೆಯುತ್ತಾರೆ.

ಇದಕ್ಕಿಂತ ದೊಡ್ಡ ನಿದರ್ಶನವೂ ಇದೆ. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಮೊದಲ ಬಾರಿ ಪದಕದ ಸ್ಥಾನ ದೊರೆತಂದಿನಿಂದ 2014ರವರೆಗೆ ಪುರುಷರ ಚಿನ್ನ ಭಾರತದ್ದೇ ಆಗಿತ್ತು. 2018ರಲ್ಲಿ ಜಕಾರ್ತದ ಸೆಮಿಫೈನಲಿನಲ್ಲಿ ಇರಾನ್ 27–18ರಿಂದ ನಮ್ಮನ್ನು ಸೋಲಿಸಿತು. ನಮ್ಮಲ್ಲಿ ಅಂದು ಹೆಸರಾಂತ ರೈಡರುಗಳಿಗೆ ಕೊರತೆಯಿರಲಿಲ್ಲ. ಆದರೂ ಇಡೀ ತಂಡಕ್ಕೆ ಪೂರ್ಣ ಪಂದ್ಯದಲ್ಲಿ ಒದಗಿದ್ದು ಹದಿನೆಂಟೇ ಅಂಕ. ಕುಸ್ತಿಯ ಮನೆತನದ ಆ ದೇಶದವರು ಫಜಲ್ ಅತ್ರಾಚಲಿಯಂಥ ಕಾರ್ನರನನ್ನು ನಡುವಿಟ್ಟುಕೊಂಡು ಕಟ್ಟಿದ್ದ ಗೋಡೆಯನ್ನು ಒಡೆಯಲು ನಮ್ಮವರಿಗೆ ಆಗಲಿಲ್ಲ. ಕಬಡ್ಡಿ ಹುಟ್ಟಿದ ನಾಡಿಗೆ ಹಿಡಿಯುವ ಪಾಠವನ್ನು ಹೊರಗಿನವರು ಹೇಳಿಕೊಟ್ಟು ಹೋದರು. 2023ರಲ್ಲಿ ಹ್ಯಾಂಗ್‌ಝೌನಲ್ಲಿ ನಾವು ಚಿನ್ನವನ್ನು ಮರಳಿ ಪಡೆದೆವೆಂಬುದು ನಿಜ, ಆದರೆ ಜಕಾರ್ತದ ಪಾಠ ಅದರಿಂದ ಸುಳ್ಳಾಗುವುದಿಲ್ಲ.

ಇಲ್ಲಿ ನನ್ನ ವಾದಕ್ಕೆ ಒಂದು ಪ್ರಬಲವಾದ ಆಕ್ಷೇಪವಿದೆ. ಆ ಹೋಟೆಲಿನ ತರುಣನೇ ಅದನ್ನು ಎತ್ತಿದ. ಬುಲ್ಸ್ ತಂಡ ಕಟ್ಟಕಡೆಯ ಸ್ಥಾನಕ್ಕೆ ಇಳಿದ ಮರುವರ್ಷವೇ, ಹಳೆಯ ಆಟಗಾರರಲ್ಲಿ ಬಹುಮಂದಿಯನ್ನು ಬಿಟ್ಟು, ಹೊಸಬರನ್ನು ಹರಾಜಿನಲ್ಲಿ ಕೊಂಡು, ಕನ್ನಡಿಗರೇ ಆದ ಬಿ. ಸಿ. ರಮೇಶರನ್ನು ತರಬೇತುದಾರರನ್ನಾಗಿ ಕರೆತಂದು, 2025ರ 12ನೆಯ ಆವೃತ್ತಿಯಲ್ಲಿ ಪ್ಲೇಆಫ್ ಹಂತಕ್ಕೆ ಏರಿತಲ್ಲವೆ? ವ್ಯಕ್ತಿಗಳನ್ನು ಬದಲಿಸಿದ್ದರಿಂದಲೇ ತಂಡ ಬದಲಾಯಿತಲ್ಲವೆ? ಹಾಗಾದರೆ ನಾವೂ ಒಬ್ಬಿಬ್ಬರನ್ನು ತಂದು, ಒಬ್ಬರನ್ನು ಬದಲಿಸಿದರೆ ತಪ್ಪೇನು?

ಈ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದೆ. ರಮೇಶರ ವಿಷಯವನ್ನೇ ತೆಗೆದುಕೊಳ್ಳೋಣ. ಅವರು ಅರ್ಜುನ ಪ್ರಶಸ್ತಿ ಪಡೆದ ಆಟಗಾರರು; 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡ, 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಿಂದ ಗೆದ್ದ ಪುಣೇರಿ ಪಲ್ಟನ್ ತಂಡ, ಇವೆರಡೂ ಅವರ ಕೈಕೆಳಗೆ ಪ್ರಶಸ್ತಿ ಪಡೆದವು. ಆ ಪುಣೆಯ ತಂಡ ಹೇಗಿತ್ತೆಂಬುದನ್ನು ನೋಡಬೇಕು. ಅದರ ನಾಯಕ ಅಸ್ಲಂ ಇನಾಮ್‌ದಾರ್ ಮೊದಲಾದ ಹುಡುಗರಲ್ಲಿ ಅನೇಕರು 'ಯುವ ಪಲ್ಟನ್' ಎಂಬ ತರಬೇತಿ ಶಿಬಿರದಲ್ಲಿ ಬೆಳೆದವರು. ಹೆಸರು ಬರುವುದಕ್ಕೆ ಮುಂಚೆಯೇ ಒಟ್ಟಿಗೆ ಉಂಡು ಒಟ್ಟಿಗೆ ಮಲಗಿ ಎದ್ದವರು. ಅಂಕಣದಲ್ಲಿ ಅವರು ಒಬ್ಬರನ್ನೊಬ್ಬರು ನೋಡದೆ ಚಲಿಸುತ್ತಿದ್ದುದು ಯಾರದೋ ಮಾಂತ್ರಿಕಶಕ್ತಿಯಿಂದಲ್ಲ. ಇನ್ನು ಬುಲ್ಸ್ ತಂಡದ ಹೊಸಬರಾದರೂ ಹರಾಜು ಮುಗಿದು ಪಂದ್ಯ ಆರಂಭವಾಗುವ ಮೊದಲು ಒಂದೇ ಶಿಬಿರದಲ್ಲಿ, ಬೇರೆ ಯಾವ ಕೆಲಸವೂ ಇಲ್ಲದೆ, ಬೆಳಗ್ಗೆ ಸಂಜೆ ಅದೊಂದೇ ಅಭ್ಯಾಸದಲ್ಲಿ ಕಾಲ ಕಳೆದವರು. ಹಾಗಿದ್ದೂ ಮೊದಲ ಪಂದ್ಯಗಳಲ್ಲಿ ಅವರು ಸೋತೇ ಕಲಿತರು. ವೃತ್ತಿಯ ತಂಡಕ್ಕೆ ಕೊಂಡ ವ್ಯಕ್ತಿಗಳನ್ನು ಕೂಡಿಸಿ ಬೆಸೆಯುವ ಕಾಲವೂ ಹಣವೂ ಇರುತ್ತದೆ. ನಮ್ಮ ಕಾಲೇಜು ಕೊಳ್ಳಲೂ ಆರದು, ಬೆಸೆಯಲು ಅದಕ್ಕೆ ಸಿಕ್ಕುವ ಕಾಲವೂ ಅಲ್ಪ. ಆ ಅಲ್ಪಕಾಲವನ್ನೂ ನಾವು ಹಾಳುಮಾಡುತ್ತಿದ್ದೇವೆ. ಆಳ್ವಾಸ್‌ನ ಮಾತು ಬಂದಿತಲ್ಲ. ಅಲ್ಲಿ ಕ್ರೀಡಾ ದತ್ತು ಯೋಜನೆಯೆಂದು ಹುಡುಗರಿಗೆ ಊಟ ವಸತಿ ವಿದ್ಯೆಗಳನ್ನು ಕೊಟ್ಟು ಒಂದು ಚಾವಣಿಯ ಕೆಳಗೆ ಇರಿಸಿಕೊಳ್ಳುತ್ತಾರೆ. ನಮ್ಮ ಹುಡುಗರು ಅಲ್ಲಿಗೆ ಹೋಗಿ ಒಳ್ಳೆಯ ಆಟಗಾರರಾಗುತ್ತಾರೆಂದರೆ, ಕರಾವಳಿಯ ನೀರಿನಲ್ಲಿ ವಿಶೇಷವೇನೂ ಇಲ್ಲ. ಒಟ್ಟಿಗೆ ಇರುವುದರಲ್ಲಿ ವಿಶೇಷವಿದೆ.

ಕಾಲೇಜಿನ ತಂಡವೆಂಬುದು ಹರಿಯುವ ನೀರಿನಂಥದು. ಪದವಿಗೆ ಮೂರು ವರ್ಷ. ಮೊದಲನೆಯ ವರ್ಷ ಹುಡುಗ ಬೆಂಚಿನ ಮೇಲೆ, ಎರಡನೆಯ ವರ್ಷ ಅಂಕಣದಲ್ಲಿ, ಮೂರನೆಯ ವರ್ಷ ನಾಯಕನೋ ಗಾಯಾಳುವೋ ಆಗಿ, ಆಮೇಲೆ ಪೊಲೀಸ್ ಪರೀಕ್ಷೆಗೋ ಬೆಂಗಳೂರಿನ ಕೆಲಸಕ್ಕೋ ಹೊರಟುಹೋಗುತ್ತಾನೆ. ಇಂಥ ಸಂಸ್ಥೆಯಲ್ಲಿ ವ್ಯಕ್ತಿಯನ್ನು ನೆಚ್ಚಿ ಭವಿಷ್ಯವನ್ನು ಎಣಿಸುವುದು ನಾಲೆಯ ನೀರಿನ ಮೇಲೆ ಗುರುತು ಮಾಡಿದ ಹಾಗೆ. ಉಳಿಯತಕ್ಕದ್ದು ಅಭ್ಯಾಸದ ಪರಂಪರೆಯೊಂದೇ: ಮೂರನೆಯ ವರ್ಷದವನು ಎರಡನೆಯ ವರ್ಷದವನ ಕೈ ಹಿಡಿದು ಕಲಿಸಿ ಹೋದದ್ದು.

ಆ ಕಲಿಕೆಗೆ ನಮ್ಮಲ್ಲಿ ಸಂಜೆ ಎಷ್ಟು ಹೊತ್ತು ಉಳಿದಿದೆ? ಇದೇ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಕಾಲೇಜಿನ ತರಗತಿ ಮುಗಿಯುವುದು ನಾಲ್ಕಕ್ಕೆ. ಮಳವಳ್ಳಿಯ ಕಡೆಯ ಹಳ್ಳಿಗಳ ಹುಡುಗರಿಗೆ ಊರು ಸೇರಿಸುವ ಬಸ್ಸು ಐದೂವರೆಗೆ. ಅದು ತಪ್ಪಿದರೆ ದಾರಿಯಲ್ಲಿ ಸಿಕ್ಕ ಕಬ್ಬಿನ ಟ್ರ್ಯಾಕ್ಟರನ್ನೋ ಯಾರದೋ ಬೈಕನ್ನೋ ನಂಬಬೇಕು. ಮದ್ದೂರಿನ ಕಡೆಯವರಿಗೆ ರೈಲಿದೆ. ಅವರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಲ್ಲರು. ಆದ್ದರಿಂದ ಅಭ್ಯಾಸದ ಮೊದಲರ್ಧದಲ್ಲಿ ಎಲ್ಲರೂ ಇರುತ್ತಾರೆ, ಮೈ ಕಾಯಿಸಿಕೊಳ್ಳುವುದರಲ್ಲಿ ಆ ಹೊತ್ತು ಹೋಗುತ್ತದೆ. ಹಿಡಿತದ ಅಭ್ಯಾಸಕ್ಕೆ ಮೈ ಸಿದ್ಧವಾಗುವ ಹೊತ್ತಿಗೆ ಸರಪಳಿಯ ಒಂದು ಕೊಂಡಿ ಬಸ್ ನಿಲ್ದಾಣದಲ್ಲಿರುತ್ತದೆ. ಬೆಂಚಿನಲ್ಲಿ ಕೂರಿಸುತ್ತಾರೆಂದು ಮಳವಳ್ಳಿಯವರು ದೂರುವುದರ ಹಿಂದಿನ ಕಾರಣವೂ ಇದೇ ಎಂದು ನನಗೆ ಅನುಮಾನ. ತಾಲ್ಲೂಕಿನ ಪಕ್ಷಪಾತವೆಂದು ನಾವು ಬಗೆದದ್ದು ಬಸ್ಸಿನ ವೇಳಾಪಟ್ಟಿಯ ಕೆಲಸವಾಗಿದ್ದರೆ, ಆ ಸಿಟ್ಟನ್ನು ಅಧ್ಯಾಪಕರ ಮೇಲೆ ತೋರಿಸಿ ಫಲವೇನು? ಇದರ ಮೇಲೆ ಸೆಮಿಸ್ಟರ್ ಪದ್ಧತಿ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಅದಕ್ಕೆ ಮುಂಚಿನ ಕಿರುಪರೀಕ್ಷೆ, ಹಾಜರಿಯ ಲೆಕ್ಕ. ವಿದ್ಯೆಯ ದೃಷ್ಟಿಯಿಂದ ಅದನ್ನು ತಪ್ಪೆನ್ನಲಾಗದು. ಆದರೆ ಹಿಂದೆ ಇಡೀ ವರ್ಷಕ್ಕೆ ಒಂದು ಪರೀಕ್ಷೆಯಿದ್ದಾಗ ದೊರೆಯುತ್ತಿದ್ದ ನಿರಾತಂಕವಾದ ನಾಲ್ಕೈದು ತಿಂಗಳು ಈಗಿನ ಹುಡುಗನಿಗೆ ಇಲ್ಲ.

ಇನ್ನು ಉಳಿದ ವೇಳೆಯನ್ನು ತಿನ್ನುವುದು ನಾವೇ, ಅಭಿಮಾನಿಗಳೇ. ಡಿಸೆಂಬರಿನಿಂದ ಬೇಸಗೆಯವರೆಗೆ ನಮ್ಮ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುತ್ತವೆ. ಜಾತ್ರೆಗೊಂದು, ಹಬ್ಬಕ್ಕೊಂದು, ಊರ ಹಿರಿಯರ ನೆನಪಿಗೊಂದು. ನಗದು ಬಹುಮಾನ, ಎದೆಮಟ್ಟದ ಟ್ರೋಫಿ, ಕೆಲವೆಡೆ ಟಗರು. ಗದ್ದೆಯ ಬಯಲಿನಲ್ಲಿ ದೀಪದ ಕಂಬಗಳು ಹೊತ್ತಿಕೊಂಡು, ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಮೊಳಗುತ್ತಾ, ಹೆಂಗಸರು ಮಕ್ಕಳಾದಿಯಾಗಿ ಇಡೀ ಊರು ಚಳಿಯಲ್ಲಿ ಕಂಬಳಿ ಹೊದ್ದು ಕುಳಿತು ನಡುರಾತ್ರಿಯವರೆಗೆ ಆಟ ನೋಡುವ ಆ ದೃಶ್ಯದಷ್ಟು ಮನೋಹರವಾದುದನ್ನು ನಾನು ಈ ಜಿಲ್ಲೆಯಲ್ಲಿ ಬೇರೆ ಕಂಡಿಲ್ಲ. ಈ ಪಂದ್ಯಾವಳಿಗಳಿಲ್ಲದಿದ್ದರೆ ಮಂಡ್ಯದಲ್ಲಿ ಕಬಡ್ಡಿಯೇ ಇರುತ್ತಿರಲಿಲ್ಲ. ಆದರೆ ಪ್ರತಿಯೊಂದು ಊರಿನ ತಂಡವೂ ಗೆಲ್ಲಬೇಕೆಂಬ ಹಂಬಲದಿಂದ, ಕಾಲೇಜಿನ ಒಳ್ಳೆಯ ಹುಡುಗರನ್ನು ಗೆಸ್ಟ್ ಪ್ಲೇಯರ್ ಎಂದು ಒಬ್ಬೊಬ್ಬರನ್ನಾಗಿ ಹಣ ಕೊಟ್ಟು ಕರೆದೊಯ್ಯುತ್ತದೆ. ನಮ್ಮ ಎಡ ಕಾರ್ನರ್ ಒಂದು ಊರಿಗೆ, ಅವನ ಕವರ್ ಇನ್ನೊಂದು ಊರಿಗೆ. ಒಮ್ಮೊಮ್ಮೆ ಒಂದೇ ರಾತ್ರಿ ಇಬ್ಬರೂ ಎದುರು ಬದುರು. ಅಲ್ಲಿ ಅವರು ಆಡುವುದು ಪರಿಚಯವಿಲ್ಲದವರ ಕೈ ಹಿಡಿದು. ಪರಿಚಯವಿಲ್ಲದ ಕೈಯನ್ನು ನಂಬಲಾಗದು. ಆದುದರಿಂದ ಹುಡುಗ ತನ್ನೊಬ್ಬನನ್ನೇ ನೆಚ್ಚಿ ಆಡುವುದನ್ನು ರೂಢಿಮಾಡಿಕೊಳ್ಳುತ್ತಾನೆ, ಸಂಜ್ಞೆ ಕೊಡುವುದನ್ನು ಮರೆಯುತ್ತಾನೆ, ಕಾಯುವುದನ್ನು ಮರೆಯುತ್ತಾನೆ. ಆ ಎರಡನೆಯ ಸುತ್ತಿನ ಪಂದ್ಯದಲ್ಲಿ ಕಾರ್ನರಿನ ಹುಡುಗ ಮಣಿಕಟ್ಟಿನ ಸುಳಿವು ಕೊಡದೆ ಹಾರಿದನಲ್ಲ, ಆ ಅಭ್ಯಾಸವನ್ನು ಅವನಿಗೆ ಕಲಿಸಿದವರು ನಾವು. ನಮ್ಮ ಊರ ಟ್ರೋಫಿಗಾಗಿ ನಾವೇ ಆ ಸರಪಳಿಯನ್ನು ಬಿಚ್ಚಿ ಕೊಂಡಿ ಕೊಂಡಿಯಾಗಿ ಬಾಡಿಗೆಗೆ ತೆಗೆದುಕೊಂಡೆವು.

ಹುಡುಗರು ಹಣ ಪಡೆಯುವುದನ್ನು ನಾನು ದೂರುವುದಿಲ್ಲ. ಕಬ್ಬಿನ ಬಾಕಿ ಬಾರದ ಮನೆಯಿಂದ ಬಂದ ಹುಡುಗನಿಗೆ ಒಂದು ರಾತ್ರಿಯ ಆಟದಿಂದ ಬರುವ ಹಣ ತಿಂಗಳ ಬಸ್ ಪಾಸು, ಒಂದು ಜೊತೆ ಬೂಟು, ಮೊಟ್ಟೆ ಹಾಲು. ಇದು ನಮ್ಮ ಸೀಮೆಯ ಸಮಸ್ಯೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಕಾಲೇಜುಗಳ ಫುಟ್‌ಬಾಲಿಗೆ ಇರುವ ಅಭಿಮಾನ ನಮ್ಮ ಊಹೆಗೂ ಮೀರಿದುದು. ಮಿಚಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನ ಕೂರುತ್ತಾರೆ. ಅಲ್ಲಿಯೂ 2021ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅವಕಾಶವಾಗಿದೆ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಸುಲಭವಾಗಿದೆ. ಅಲ್ಲಿನ ಅಭಿಮಾನಿಗಳೂ ಸೋತ ವರ್ಷದ ಕೊನೆಗೆ ಯಾರನ್ನು ತರಬೇಕೆಂದೇ ವಾದಿಸುತ್ತಾರೆ. ಬಡ ಹುಡುಗನಿಗೆ ತನ್ನ ಬೆವರಿನ ಬೆಲೆ ಸಿಕ್ಕಬೇಕೆಂಬುದು ಅಲ್ಲಿಯೂ ನ್ಯಾಯ, ಇಲ್ಲಿಯೂ ನ್ಯಾಯ. ಪ್ರಶ್ನೆಯಿರುವುದು, ಆ ಬೆಲೆಯನ್ನು ಅವನಿಗೆ ಒಂಟಿಯಾಗಿ ಕೊಡಬೇಕೋ ತಂಡವಾಗಿ ಕೊಡಬೇಕೋ ಎಂಬಲ್ಲಿ.

ನಾನು ಆ ಹೋಟೆಲಿನಲ್ಲಿ ಹೇಳಿದ್ದೂ ಇಷ್ಟೇ. ನಮ್ಮೂರ ಪಂದ್ಯಾವಳಿಗೆ ಕಾಲೇಜಿನ ಇಬ್ಬರನ್ನು ಕರೆಯುವ ಬದಲು ಕಾಲೇಜಿನ ತಂಡವನ್ನೇ ಇಡಿಯಾಗಿ ಕರೆಯೋಣ. ಪ್ರವೇಶ ಶುಲ್ಕ ಬೇಡ. ಗೆದ್ದರೆ ಬಹುಮಾನ ಅವರದೇ, ಸೋತರೂ ದಾರಿಯ ಖರ್ಚು ನಮ್ಮದು. ರಾತ್ರಿ ಯಾರ ಮನೆಯಲ್ಲಾದರೂ ಮುದ್ದೆ ಸಾರಿನ ಊಟ, ಜಗಲಿಯಲ್ಲಿ ಮಲಗಲು ಜಾಗ. ಇಡೀ ಸುಗ್ಗಿಯ ಕಾಲದಲ್ಲಿ ಹತ್ತು ಊರುಗಳು ಹೀಗೆ ಮಾಡಿದರೆ, ಯಾವ ಶಿಬಿರವೂ ಕೊಡಲಾರದಷ್ಟು ಪಂದ್ಯದ ಅನುಭವ ಆ ಏಳೆಂಟು ಕೈಗಳಿಗೆ ಒಟ್ಟಿಗೆ ದೊರೆಯುತ್ತದೆ. ಸಂಜೆಯ ಬಸ್ಸಿನ ವಿಷಯದಲ್ಲಿ ಮಳವಳ್ಳಿ ಕಡೆಯ ಹಿರಿಯರು ನಾಲ್ಕು ಜನ ಸೇರಿ ಡಿಪೋಗೆ ಹೋಗಿ ಅರ್ಜಿ ಕೊಡಬಹುದು. ಏಳಕ್ಕೊಂದು ಬಸ್ಸಾದರೆ ಆಟಗಾರರಿಗಷ್ಟೇ ಅಲ್ಲ, ಗ್ರಂಥಾಲಯದಲ್ಲಿ ಕೂರಬೇಕೆನ್ನುವ ಹೆಣ್ಣುಮಕ್ಕಳಿಗೂ ಉಪಕಾರವಾದೀತು.

ಹೆಣ್ಣುಮಕ್ಕಳೆಂದಾಗ ಒಂದು ಮಾತು. ನಾನು ಇಷ್ಟು ಹೊತ್ತು ಬರೆದ ಚರ್ಚೆಯಲ್ಲಿ ಅದೇ ಕಾಲೇಜಿನ ಹುಡುಗಿಯರ ತಂಡದ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲವೆಂಬುದು ಮನೆಗೆ ಬಂದ ಮೇಲೆ ಹೊಳೆಯಿತು. 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತಕ್ಕೆ ಗೆದ್ದು ತಂದ ತಂಡದ ನಾಯಕಿ ನಮ್ಮ ಕಾರ್ಕಳ ಸೀಮೆಯ ಮಮತಾ ಪೂಜಾರಿ. ಅವರಂಥವರು ಬಂದ ನಾಡಿನಲ್ಲಿ, ಮುಂದಿನ ವರ್ಷದ ಭವಿಷ್ಯವನ್ನು ಕೇಳುವಷ್ಟು ಅಭಿಮಾನವೂ ಆ ಹುಡುಗಿಯರಿಗೆ ನಮ್ಮಿಂದ ಸಂದಿಲ್ಲ. ಅವರ ಸಂಗತಿ ಬೇರೆಯೇ ಒಂದು ಲೇಖನವನ್ನು ಕೇಳುತ್ತದೆ.

ನನ್ನ ಸಲಹೆಗೆ ಹೋಟೆಲಿನ ತರುಣ ಒಪ್ಪಲಿಲ್ಲ. ತನ್ನ ಊರಿನ ತಂಡ ತನ್ನ ಊರಿನಲ್ಲಿಯೇ ಸೋಲಬೇಕೆ ಎಂದು ಕೇಳಿದ. ಆ ಪ್ರಶ್ನೆಯೂ ಅಭಿಮಾನದ್ದೇ. ಅದಕ್ಕೆ ಸುಲಭದ ಉತ್ತರವಿಲ್ಲ. ಹಿರಿಯರು ಮಾತ್ರ ಏನೂ ಹೇಳದೆ ಎದ್ದು, ವಡೆಯ ದುಡ್ಡು ಕೊಟ್ಟು ಹೋದರು.

ಕಳೆದ ವಾರ ಕಾಲೇಜಿನ ಮೈದಾನದ ಬಳಿ ಹಾದುಹೋಗುವಾಗ ಅವರನ್ನು ಮತ್ತೆ ಕಂಡೆ. ಪಂಚೆಯನ್ನು ಮೇಲಕ್ಕೆ ಕಟ್ಟಿ, ರೈಡರನ ಜಾಗದಲ್ಲಿ ತಾವೇ ನಿಂತಿದ್ದರು. ಎದುರಿಗೆ ಅದೇ ಎಡ ಕಾರ್ನರ್, ಅದೇ ಕವರ್. ಒಬ್ಬ ಮಳವಳ್ಳಿ ಕಡೆಯವನು, ಇನ್ನೊಬ್ಬ ಮದ್ದೂರು ಕಡೆಯವನು. "ಅವ್ನ ಮೊಕ ನೋಡ್ಬೇಡ ಕಣ್ಲಾ, ನನ್ ಕಾಲ್ನೂ ನೋಡ್ಬೇಡ, ಕೈಲೇ ತಿಳ್ಕೊ" ಎನ್ನುತ್ತಾ ಅವರು ನಿಧಾನವಾಗಿ ಕಾಲು ಚಾಚುತ್ತಿದ್ದರು. ಮೊದಲ ಸಲ ಕವರಿನ ಹುಡುಗ ತಡವಾಗಿ ಬಂದ. ಎರಡನೆಯ ಸಲ ಬೇಗ ಬಂದು ಡಿಕ್ಕಿ ಹೊಡೆದ. ಮೂರು ನಾಲ್ಕು ಸಲ ಇಬ್ಬರೂ ಕೂಡಿ ಕೆಂಪು ಮಣ್ಣಿನಲ್ಲಿ ಉರುಳಿದರು. ಆರನೆಯ ಸಲ ಕಾರ್ನರ್ ಹುಡುಗನ ಮಣಿಕಟ್ಟು ಸಡಿಲವಾದುದು ನನಗೂ ಕಾಣಿಸಿತು. ಅವನು ನೆಲ ಬಿಡುವ ಮೊದಲೇ ಇನ್ನೊಬ್ಬ ಹೊರಟಿದ್ದ. ಆಗ ಗಂಟೆ ಐದೂಕಾಲು. ಮಳವಳ್ಳಿಯ ಹುಡುಗ ಮಂಡಿಯ ಮಣ್ಣು ಕೊಡವಿಕೊಂಡು, ಚೀಲವನ್ನು ಹೆಗಲಿಗೆ ಹಾಕಿ, ಬಸ್ ನಿಲ್ದಾಣದ ಕಡೆಗೆ ಓಡಿದ.